ಬ್ಯಾಗ್ ತೆಗೆದ ಮೇಲೆ

ಮಲಾಶಯದ ಕ್ಯಾನ್ಸರ್‌ಗೆ ಆಪರೇಷನ್ ಆದವರ ಮನೆಯಲ್ಲಿ ಎಲ್ಲರೂ ಒಂದು ದಿನಕ್ಕಾಗಿ ಕಾಯುತ್ತಿರುತ್ತಾರೆ. ಅದು ಹೊಟ್ಟೆಯ ಮೇಲಿನ ಬ್ಯಾಗ್ ತೆಗೆಯುವ ದಿನ. ಕೆಳಗೆ ಕತ್ತರಿಸಿ ಜೋಡಿಸಿದ ಜಾಗ ಮಾಯುವವರೆಗೆ ಸಣ್ಣ ಕರುಳಿನ ಒಂದು ಸುತ್ತನ್ನು ಹೊಟ್ಟೆಯ ಹೊರಗೆ ತಂದು, ಮಲ ಅಲ್ಲಿಂದಲೇ ಚೀಲಕ್ಕೆ ಬೀಳುವಂತೆ ಮಾಡಿರುತ್ತಾರೆ. ಎರಡು ಮೂರು ತಿಂಗಳಿಗೋ, ಕೀಮೋ ನಡೆಯುತ್ತಿದ್ದರೆ ಇನ್ನೂ ತಡವಾಗಿಯೋ ಅದನ್ನು ಒಳಗೆ ಸೇರಿಸಿ ಮುಚ್ಚುತ್ತಾರೆ. ಮನೆದೇವರಿಗೆ ಹಣ್ಣುಕಾಯಿ ಆಗುತ್ತದೆ. ‘ಗಂಡಾಂತರ ಕಳೀತು, ಇನ್ನು ಮೊದಲಿನ ಹಾಗೇ ಓಡಾಡಿಕೊಂಡಿರಿ’ ಎಂದು ನೆಂಟರು ಹರಸಿ ಹೋಗುತ್ತಾರೆ.

ಆ ವಾರದಿಂದಲೇ ಎರಡನೆಯ ಕಷ್ಟ ಶುರುವಾಗುತ್ತದೆ. ದಿನಕ್ಕೆ ಎಂಟು ಸಲ, ಹತ್ತು ಸಲ, ಕೆಲವರಿಗೆ ಅದಕ್ಕೂ ಹೆಚ್ಚು ಮೋಷನ್. ಹೋಗಿ ಬಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಹೋಗಬೇಕು. ಬಂತು ಅನ್ನಿಸಿದರೆ ಎರಡು ನಿಮಿಷ ತಡೆಯಲಾಗದು. ಗ್ಯಾಸ್ ಇರಬೇಕು ಅಂದುಕೊಂಡು ಬಿಟ್ಟರೆ ಬಟ್ಟೆ ಹಾಳು. ರಾತ್ರಿ ನಿದ್ದೆಯಲ್ಲಿ ತಿಳಿಯದೆಯೇ ಆಗಿಬಿಡುವುದೂ ಉಂಟು. ಆಮೇಲೆ ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಬೆಳಗೆಲ್ಲ ಕಕ್ಕಸಿನಲ್ಲೇ ಕಳೆಯುತ್ತದೆ. ಕ್ಯಾನ್ಸರ್ ವಾಪಸ್ ಬಂತೇನೋ ಎಂದು ಕೆಲವರು ಗಾಬರಿಯಾಗುತ್ತಾರೆ. ಆಪರೇಷನ್ ಕೆಟ್ಟಿತು ಎಂದು ಇನ್ನು ಕೆಲವರು ಡಾಕ್ಟರನ್ನು ಬೈದುಕೊಳ್ಳುತ್ತಾರೆ. ಸಾಮಾನ್ಯವಾಗಿ ಎರಡೂ ಅಲ್ಲ. ಈ ಸ್ಥಿತಿಗೆ ಲೋ ಆಂಟೀರಿಯರ್ ರಿಸೆಕ್ಷನ್ ಸಿಂಡ್ರೋಮ್ ಎಂದು ಹೆಸರು, ಚಿಕ್ಕದಾಗಿ ಲಾರ್ಸ್. ಮಲಾಶಯ ತೆಗೆದು ಗುದದ್ವಾರ ಉಳಿಸಿದ ರೋಗಿಗಳಲ್ಲಿ ಸುಮಾರು ಹತ್ತಕ್ಕೆ ನಾಲ್ವರನ್ನು ಇದು ತೀವ್ರವಾಗಿಯೇ ಕಾಡುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಿಕ್ಕ ಲೆಕ್ಕ. ಇಷ್ಟು ಸಾಮಾನ್ಯವಾದ ಸಂಗತಿಯನ್ನು ಎಷ್ಟೋ ಕಡೆ ಆಪರೇಷನ್‌ಗೆ ಮುಂಚೆ ರೋಗಿಗೆ ಬಾಯಿಬಿಟ್ಟು ಹೇಳುವುದೇ ಇಲ್ಲ. ನನಗೆ ಇದು ಆ ತೊಂದರೆಗಿಂತ ದೊಡ್ಡ ಲೋಪವಾಗಿ ಕಾಣುತ್ತದೆ.

ಮಲಾಶಯ ಎಂದರೆ ದೊಡ್ಡ ಕರುಳಿನ ಕೊನೆಯ 12ರಿಂದ 15 ಸೆಂಟಿಮೀಟರ್. ಅಷ್ಟುದ್ದದ ಭಾಗ ಎಷ್ಟು ಕೆಲಸ ಮಾಡುತ್ತಿತ್ತು ಎಂಬುದು ಅದು ಹೋದ ಮೇಲೆಯೇ ತಿಳಿಯುವುದು. ಮಲ ಬಂದು ತುಂಬಿದಾಗ ಅದು ಹಿಗ್ಗಿ ಜಾಗ ಕೊಡುತ್ತದೆ, ‘ಸ್ವಲ್ಪ ತಾಳು’ ಎಂದರೆ ತಾಳುತ್ತದೆ. ತುಂಬುತ್ತಿದ್ದಂತೆ ಗುದದ ಒಳಗಿನ ಬಿಗಿಸ್ನಾಯು ಕ್ಷಣಮಾತ್ರ ಸಡಿಲಗೊಂಡು, ಬಂದದ್ದು ಗಾಳಿಯೋ ನೀರೋ ಗಟ್ಟಿಯೋ ಎಂದು ಅಲ್ಲಿನ ಸೂಕ್ಷ್ಮ ಚರ್ಮ ಪರೀಕ್ಷಿಸಿ ನೋಡುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು ನಾವು ನಿಶ್ಚಿಂತೆಯಿಂದ ಗ್ಯಾಸ್ ಬಿಡುವುದು ಈ ಪರೀಕ್ಷೆಯ ಭರವಸೆಯ ಮೇಲೆ. ಆಪರೇಷನ್‌ನಲ್ಲಿ ಮಲಾಶಯವನ್ನು ತೆಗೆದು, ಮೇಲಿನ ದೊಡ್ಡ ಕರುಳನ್ನು ಎಳೆದು ಗುದದ ಹತ್ತಿರ ಜೋಡಿಸುತ್ತಾರೆ. ಕೆರೆಯನ್ನು ಮುಚ್ಚಿ ಕಾಲುವೆಯನ್ನು ನೇರವಾಗಿ ತೂಬಿಗೆ ಕೂಡಿಸಿದಂತೆ ಇದು. ಕಾಲುವೆಗೆ ನೀರನ್ನು ಹಿಡಿದಿಡುವ ಗುಣವಿಲ್ಲ, ಬಂದದ್ದು ಬಂದ ಹಾಗೇ ಬಾಗಿಲಿಗೆ ಬರುತ್ತದೆ. ಜೊತೆಗೆ ಆ ಭಾಗದ ಕೆಲವು ನರಗಳಿಗೂ ಪೆಟ್ಟಾಗಿರುತ್ತದೆ. ಊಟ ಮಾಡಿದೊಡನೆ ಕರುಳು ಅಲುಗುವುದು ಎಲ್ಲರಿಗೂ ಇರುವ ಸಹಜ ಕ್ರಿಯೆ. ಇವರಿಗೆ ಅದು ವಿಪರೀತವಾಗುತ್ತದೆ. ತಟ್ಟೆಯ ಮುಂದಿನಿಂದ ಎದ್ದು ಓಡುವುದು ಅದಕ್ಕೇ.

ಈ ಆಪರೇಷನ್ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಕಥೆಯಿದೆ. 1908ರಲ್ಲಿ ಲಂಡನ್ನಿನ ಸರ್ಜನ್ ಅರ್ನೆಸ್ಟ್ ಮೈಲ್ಸ್ ಮಲಾಶಯವನ್ನೂ ಗುದವನ್ನೂ ಒಟ್ಟಿಗೆ ತೆಗೆಯುವ ಶಸ್ತ್ರಕ್ರಿಯೆಯನ್ನು ವಿವರಿಸಿದರು. ಜೀವ ಉಳಿಯುತ್ತಿತ್ತು, ಬ್ಯಾಗ್ ಮಾತ್ರ ಜೀವಮಾನಪೂರ್ತಿ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಕ್ಲಾಡ್ ಡಿಕ್ಸನ್, ಗಡ್ಡೆ ಮೇಲ್ಭಾಗದಲ್ಲಿದ್ದರೆ ಗುದವನ್ನು ಉಳಿಸಿ ಕರುಳನ್ನು ಮತ್ತೆ ಜೋಡಿಸಬಹುದೆಂದು ತಮ್ಮ ರೋಗಿಗಳ ಫಲಿತಾಂಶ ಸಮೇತ ತೋರಿಸಿದರು. ಎಪ್ಪತ್ತರ ದಶಕದ ಕೊನೆಗೆ ಕರುಳನ್ನು ವೃತ್ತಾಕಾರವಾಗಿ ಪಿನ್ ಹೊಡೆದು ಜೋಡಿಸುವ ಸ್ಟೇಪ್ಲರ್ ಬಳಕೆಗೆ ಬಂದ ಮೇಲೆ, ಕೈಯ ಹೊಲಿಗೆ ಎಟುಕದ ಆಳದಲ್ಲೂ ಜೋಡಣೆ ಸಾಧ್ಯವಾಯಿತು. ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನ ಬಿಲ್ ಹೀಲ್ಡ್ 1982ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಮಲಾಶಯವನ್ನು ಅದರ ಸುತ್ತಲಿನ ಕೊಬ್ಬಿನ ಹೊದಿಕೆಯೊಂದಿಗೇ ಇಡಿಯಾಗಿ ಬಿಡಿಸಿ ತೆಗೆಯುತ್ತಾರೆ. ಅದು ಬಂದ ಮೇಲೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸುವುದು ಬಹಳ ಕಡಿಮೆಯಾಯಿತು. ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತ, ಗುದದಿಂದ ಕೆಲವೇ ಸೆಂಟಿಮೀಟರ್ ಮೇಲಿರುವ ಗಡ್ಡೆಯನ್ನೂ ತೆಗೆದು ಬ್ಯಾಗ್ ತಪ್ಪಿಸುವ ಮಟ್ಟಕ್ಕೆ ಶಸ್ತ್ರವಿದ್ಯೆ ಬಂದು ನಿಂತಿದೆ.

ಅದು ದೊಡ್ಡ ಸಾಧನೆ, ಸಂಶಯವಿಲ್ಲ. ಆದರೆ ಬ್ಯಾಗ್ ತಪ್ಪಿತೆಂದರೆ ಎಲ್ಲವೂ ಗೆದ್ದಂತೆ ಎಂಬ ಭಾವನೆಯೂ ಅದರ ಜೊತೆಗೇ ಬೆಳೆಯಿತು. ಜೋಡಣೆ ಕೆಳಗೆ ಇಳಿದಷ್ಟೂ ಲಾರ್ಸ್ ಜೋರಾಗುತ್ತದೆ. ಮುಂಚೆ ರೇಡಿಯೇಷನ್ ಕೊಟ್ಟಿದ್ದರೆ ಆ ಭಾಗ ಬಿರುಸಾಗಿ ತೊಂದರೆ ಇನ್ನಷ್ಟು ಹೆಚ್ಚುತ್ತದೆ. ಜೋಡಿಸಿದ ಜಾಗ ಸೋರಿ ಸೋಂಕಾಗಿದ್ದವರಿಗೂ, ಬ್ಯಾಗ್ ಬಹಳ ಕಾಲ ಇದ್ದವರಿಗೂ ಅಪಾಯ ಜಾಸ್ತಿ. 1986ರಲ್ಲಿ ಫ್ರಾನ್ಸಿನ ಎರಡು ತಂಡಗಳು ದೊಡ್ಡ ಕರುಳಿನ ತುದಿಯನ್ನು ಮಡಿಚಿ ಪುಟ್ಟ ಚೀಲ ಮಾಡಿ ಜೋಡಿಸುವ ಉಪಾಯ ತಂದವು. ಅದರಿಂದ ಮೊದಲ ಒಂದೆರಡು ವರ್ಷ ಸುಖವಾದರೂ ಆಮೇಲೆ ವ್ಯತ್ಯಾಸ ಕರಗುತ್ತ ಬರುತ್ತದೆ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಭಾರತದಲ್ಲಿ ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಕರುಳಿನ ಕ್ಯಾನ್ಸರ್ ಒಟ್ಟಾರೆ ಕಡಿಮೆ. ಆದರೆ ಬರುವ ಪ್ರಕರಣಗಳಲ್ಲಿ ಮಲಾಶಯದ್ದರ ಪಾಲು ದೊಡ್ಡದು, ರೋಗಿಗಳ ವಯಸ್ಸೂ ಕಡಿಮೆ. ರಕ್ತ ಬಿದ್ದರೆ ಮೂಲವ್ಯಾಧಿ ಎಂದು ತಿಂಗಳುಗಟ್ಟಲೆ ನಾಟಿ ಔಷಧಿ ಮಾಡಿಸಿ, ತಡವಾಗಿ ದೊಡ್ಡಾಸ್ಪತ್ರೆಗೆ ಬರುವವರು ಬಹಳ. ಅವರಲ್ಲಿ ನಲವತ್ತು ದಾಟದವರೂ ಇರುತ್ತಾರೆ. ವಾಸಿಯಾದ ಮೇಲೆ ಅವರು ಇನ್ನೂ ದುಡಿಯಬೇಕು, ಮಕ್ಕಳನ್ನು ಓದಿಸಬೇಕು. ಗಾರ್ಮೆಂಟ್ಸ್ ಹೆಣ್ಣುಮಗಳು ಲೈನಿನಿಂದ ಹತ್ತು ಸಲ ಎದ್ದು ಹೋಗಲು ಸೂಪರ್‌ವೈಸರ್ ಬಿಡುತ್ತಾನೆಯೇ? ಆಟೊ ಓಡಿಸುವವನು ಸಿಗ್ನಲ್‌ನಲ್ಲಿ ನಿಂತು ಏನು ಮಾಡಬೇಕು? ಶೌಚಾಲಯವೇ ಸರಿಯಿಲ್ಲದ ಶಾಲೆಯ ಮೇಡಂ?

ಇನ್ನು ತಪಾಸಣೆಯ ದಿನದ ಮಾತುಕತೆ ಹೀಗಿರುತ್ತದೆ:

‘ಹೇಗಿದೀರ ಯಜಮಾನ್ರೇ?’

‘ಪರವಾಗಿಲ್ಲ ಸಾರ್.’

‘ಮೋಷನ್?’

‘ಆಗ್ತದೆ ಸಾರ್.’

ಸಿ.ಟಿ. ಸ್ಕ್ಯಾನ್ ಚೆನ್ನಾಗಿದೆ, ರಕ್ತದ ಸಿಇಎ ಪರೀಕ್ಷೆ ಚೆನ್ನಾಗಿದೆ, ಆರು ತಿಂಗಳು ಬಿಟ್ಟು ಬನ್ನಿ. ರಾತ್ರಿ ಅವರು ಆರು ಸಲ ಎದ್ದದ್ದನ್ನು ಕಂಡಿರುವ ಹೆಂಡತಿ ಹಿಂದೆ ನಿಂತು ಏನೋ ಹೇಳಲು ಹೋಗಿ, ಗಂಡ ತಿರುಗಿ ನೋಡಿದ್ದಕ್ಕೆ ಸುಮ್ಮನಾಗುತ್ತಾಳೆ. ಹೊರಗೆ ಇನ್ನೂ ಅರವತ್ತು ಜನ ಕಾಯುತ್ತಿದ್ದಾರೆ. ಯಾರ ಮೇಲೂ ತಪ್ಪು ಹೊರಿಸುವುದು ಕಷ್ಟ. ಆದರೆ ಇದೇ ಮಾತುಕತೆಗೆ ಒಂದು ಉತ್ತಮ ದಾರಿಯಿದೆ.

ಡೆನ್ಮಾರ್ಕಿನ ಕತ್ರಿನೆ ಎಮರ್ಟ್‌ಸೆನ್ ಮತ್ತು ಸೋರೆನ್ ಲೌರ್‌ಬರ್ಗ್ 2012ರಲ್ಲಿ ಐದೇ ಪ್ರಶ್ನೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಗ್ಯಾಸ್ ತಡೆಯಲಾಗುತ್ತದೆಯೇ, ನೀರು ಮಲ ಸೋರುತ್ತದೆಯೇ, ದಿನಕ್ಕೆ ಎಷ್ಟು ಸಲ, ಹೋಗಿ ಬಂದ ಒಂದು ಗಂಟೆಯೊಳಗೆ ಮತ್ತೆ ಹೋಗಬೇಕಾಗುತ್ತದೆಯೇ, ಅವಸರವಾಗಿ ಓಡಬೇಕಾಗುತ್ತದೆಯೇ. ಒಟ್ಟು ಅಂಕ 42. ಇಪ್ಪತ್ತರವರೆಗೆ ಲಾರ್ಸ್ ಇಲ್ಲ, 21ರಿಂದ 29 ಅಲ್ಪ, 30 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ. ನನಗೆ ಕುತೂಹಲ ಹುಟ್ಟಿಸಿದ್ದು ಅಂಕಗಳ ಹಂಚಿಕೆ. ಅವಸರಕ್ಕೆ 16, ಮತ್ತೆ ಮತ್ತೆ ಹೋಗುವುದಕ್ಕೆ 11. ಬೇರೆಯವರು ಅತಿ ಕೆಟ್ಟದ್ದೆಂದು ಊಹಿಸುವ ಮಲ ಸೋರಿಕೆಗೆ ಬರೀ 3! ಯಾವ ಲಕ್ಷಣ ಬದುಕನ್ನು ಎಷ್ಟು ಕೆಡಿಸಿದೆ ಎಂದು ರೋಗಿಗಳನ್ನೇ ಕೇಳಿ ಅಂಕ ಹಾಕಿದ್ದರಿಂದ ಹೀಗಾಯಿತು. ದಿನಕ್ಕೆ ಒಂದು ಸಲಕ್ಕಿಂತ ಕಡಿಮೆ ಹೋಗುವವರಿಗೆ 5 ಅಂಕ, ಏಳಕ್ಕಿಂತ ಹೆಚ್ಚು ಹೋಗುವವರಿಗೆ 4. ಹೋಗದಿರುವುದೂ ಲಾರ್ಸೇ. 2020ರಲ್ಲಿ ರೋಗಿಗಳೂ ಸರ್ಜನ್ನರೂ ಸೇರಿ ಅಂತರರಾಷ್ಟ್ರೀಯ ವ್ಯಾಖ್ಯಾನವೊಂದನ್ನು ಒಪ್ಪಿಕೊಂಡರು. ಅದರಲ್ಲಿ ಎಂಟು ಲಕ್ಷಣಗಳ ಜೊತೆಗೆ ಎಂಟು ಪರಿಣಾಮಗಳನ್ನೂ ಸೇರಿಸಿದ್ದಾರೆ. ಕಕ್ಕಸು ಎಲ್ಲಿದೆ ಎಂದು ನೋಡಿಕೊಳ್ಳದೆ ಎಲ್ಲೂ ಹೋಗಲಾಗದಿರುವುದು, ದಿನವಿಡೀ ಅದೇ ಚಿಂತೆಯಾಗುವುದು, ಗಂಡ ಹೆಂಡಿರ ನಡುವಿನ ಸಾಮೀಪ್ಯ ಕೆಡುವುದು ಎಲ್ಲವೂ ಆ ಪಟ್ಟಿಯಲ್ಲಿವೆ.

ಪರಿಹಾರದ ಮಾತಿಗೆ ಬರೋಣ. ಕಾಲವೇ ಒಂದಿಷ್ಟು ವಾಸಿ ಮಾಡುತ್ತದೆ. ಮೊದಲ ಆರು ತಿಂಗಳಿಂದ ಒಂದು ವರ್ಷದಲ್ಲಿ ಸುಧಾರಣೆ ಎದ್ದು ಕಾಣುತ್ತದೆ, ಎರಡು ವರ್ಷದ ಹೊತ್ತಿಗೆ ಸ್ಥಿತಿ ಒಂದು ಹದಕ್ಕೆ ನಿಲ್ಲುತ್ತದೆ. ಆದರೆ ‘ಕಾಯಿರಿ, ಸರಿಹೋಗುತ್ತೆ’ ಎಂದಷ್ಟೇ ಹೇಳಿ ಕಳಿಸುವುದು ಚಿಕಿತ್ಸೆಯಲ್ಲ. ಕಾಯುವಾಗಲೇ ಮಾಡಬೇಕಾದದ್ದು ಬಹಳವಿದೆ.

ಮೊದಲು ಊಟ. ರೋಗಿಗಳು ತಾವಾಗಿಯೇ ಕಂಡುಕೊಳ್ಳುವ ಉಪಾಯ ಎಂದರೆ ಹೊಟ್ಟೆ ಕಟ್ಟುವುದು. ನಾಳೆ ಬಸ್ಸು ಹತ್ತಬೇಕು, ಇವತ್ತು ಏನೂ ಬೇಡ. ಇದರಿಂದ ಖಾಲಿ ಕರುಳಿನಲ್ಲಿ ಗ್ಯಾಸೂ ಲೋಳೆಯೂ ಹೆಚ್ಚಿ ಕಾಟ ನಿಲ್ಲುವುದಿಲ್ಲ, ಮೊದಲೇ ಕೀಮೋದಲ್ಲಿ ಕರಗಿದ ಮೈ ಇನ್ನಷ್ಟು ಇಳಿಯುತ್ತದೆ. ಸ್ವಲ್ಪ ಸ್ವಲ್ಪವಾಗಿ, ಹೊತ್ತಿಗೆ ಸರಿಯಾಗಿ ಉಣ್ಣುವುದು ಮೇಲು. ರಾತ್ರಿ ಏಳಬೇಕಾಗುವವರು ಸಂಜೆ ಏಳರೊಳಗೆ ಊಟ ಮುಗಿಸಿ ನೋಡಲಿ. ಮೊದಲ ವಾರಗಳಲ್ಲಿ ಇಡ್ಲಿ, ಮೆತ್ತಗಿನ ಅನ್ನ, ಮಜ್ಜಿಗೆ, ಗಂಜಿ, ಸಬ್ಬಕ್ಕಿ, ಬೇಯಿಸಿದ ಆಲೂಗೆಡ್ಡೆ, ಕಳಿತ ಬಾಳೆಹಣ್ಣು ಹೊಂದುತ್ತವೆ. ಹಾಲು ಹಲವರಿಗೆ ಆಗದು, ಮೊಸರು ಆಗುತ್ತದೆ. ಅವರೆಕಾಳು, ಹುರುಳಿ, ಎಲೆಕೋಸು, ಹಸಿ ಈರುಳ್ಳಿ, ಹಲಸು ಗ್ಯಾಸಿನ ಮೂಲಗಳು. ಬ್ಯಾಡಗಿ ಬಣ್ಣಕ್ಕಷ್ಟೇ ಇರಲಿ, ಗುಂಟೂರು ಖಾರ ಸದ್ಯಕ್ಕೆ ಬೇಡ. ಬೆಳಗಿನ ಫಿಲ್ಟರ್ ಕಾಫಿ ಕರುಳನ್ನು ಎಬ್ಬಿಸುವುದರಲ್ಲಿ ಎತ್ತಿದ ಕೈ. ಬಿಡಲಾಗದವರು ಅದನ್ನು ಮನೆಯಲ್ಲೇ ಇರುವ ಹೊತ್ತಿಗೆ ಕುಡಿಯಬಹುದು, ಹೊರಡುವ ಮುಂಚೆಯಲ್ಲ.

ಮುದ್ದೆ ತಿನ್ನಬಹುದೇ ಎಂದು ಮಂಡ್ಯ, ಕೋಲಾರದ ಕಡೆಯವರು ಕೇಳಿಯೇ ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರವಿಲ್ಲ. ರಾಗಿಯ ನಾರು ಹೆಚ್ಚಾಗಿ ನೀರಿನಲ್ಲಿ ಕರಗದ ಜಾತಿಯದು, ಕೆಲವರ ಕರುಳನ್ನು ಅದು ಚುರುಕುಗೊಳಿಸುತ್ತದೆ. ಒಂದು ಸಣ್ಣ ಉಂಡೆಯಿಂದ ಶುರುಮಾಡಿ ನೋಡುವುದೇ ದಾರಿ. ಅದಕ್ಕೆ ಎರಡು ವಾರದ ಮಟ್ಟಿಗೆ ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ಏನು ತಿಂದಿರಿ, ಎಷ್ಟು ಹೊತ್ತಿಗೆ, ಮೋಷನ್ ಯಾವಾಗ, ಹೇಗಿತ್ತು ಎಂದು ಬರೆದಿಡಿ. ಅವರಿವರು ಹೇಳಿದ ಪಥ್ಯಕ್ಕಿಂತ ಆ ಪುಟಗಳು ಹೆಚ್ಚು ಹೇಳುತ್ತವೆ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಕಾಟ ಯಾವುದರಿಂದ ಎಂದು ಎಂದಿಗೂ ತಿಳಿಯುವುದಿಲ್ಲ.

ಔಷಧಿಗಳಲ್ಲಿ ಅಗ್ಗದ್ದೂ ಹಳೆಯದೂ ಇಸಬಗೋಲು. ಮಲಬದ್ಧತೆಗೆ ಕೊಡುವುದನ್ನು ಭೇದಿಗೇಕೆ ಎಂದು ಅಚ್ಚರಿಪಡಬೇಡಿ. ಅದು ನೀರನ್ನು ಹೀರಿ ಲೋಳೆಯಾಗಿ ಮಲಕ್ಕೆ ಆಕಾರ ಕೊಡುತ್ತದೆ. ಚೂರುಚೂರಾಗಿ ಹತ್ತು ಸಲ ಆಗುವುದು ಒಟ್ಟಾಗಿ ಮೂರು ಸಲಕ್ಕೆ ಇಳಿದರೆ ಅದೇ ದೊಡ್ಡ ಗೆಲುವು. ಒಂದು ಚಮಚದಿಂದ ಶುರುಮಾಡಬೇಕು, ಒಣದಾಗಿ ನುಂಗಬಾರದು. ಲೊಪೆರಮೈಡ್ ಮಾತ್ರೆ ಕರುಳಿನ ಓಟವನ್ನು ತಗ್ಗಿಸುತ್ತದೆ. ಬಹಳ ಜನ ಭೇದಿಯಾದ ಮೇಲೆ ಇದನ್ನು ನುಂಗುತ್ತಾರೆ. ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೆ ಹೆಚ್ಚು ಉಪಯೋಗ. ಪ್ರಮಾಣವನ್ನು ಡಾಕ್ಟರೇ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುತ್ತದೆಂದು ಮಿತಿ ಮೀರಿದರೆ ಹೃದಯದ ಬಡಿತ ಏರುಪೇರಾಗುವ ಅಪಾಯವಿದೆ. ಜ್ವರವೋ ಮಲದಲ್ಲಿ ರಕ್ತವೋ ಇದ್ದಾಗ ಅದನ್ನು ಮುಟ್ಟಬಾರದು. ನಮ್ಮಲ್ಲಿ ಎಷ್ಟೋ ಜನಕ್ಕೆ ಸಕ್ಕರೆ ಕಾಯಿಲೆಯೂ ಇರುತ್ತದೆ. ಅದಕ್ಕೆ ನುಂಗುವ ಮೆಟ್‌ಫಾರ್ಮಿನ್ ಹಲವರಿಗೆ ಭೇದಿ ತರುತ್ತದೆ. ಕ್ಯಾನ್ಸರ್ ಡಾಕ್ಟರ್ ಒಬ್ಬರು, ಶುಗರ್ ಡಾಕ್ಟರ್ ಇನ್ನೊಬ್ಬರು ಆದಾಗ ಇದು ಇಬ್ಬರ ಕಣ್ಣಿಗೂ ಬೀಳದೆ ಉಳಿಯುತ್ತದೆ. ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಸುಮ್ಮನೆ ನೀವೇ ನಿಲ್ಲಿಸಬೇಡಿ.

ಊಟ, ಔಷಧಿಗಳಿಗೆ ಬಗ್ಗದಿದ್ದರೆ ಮುಂದಿನದು ಸ್ನಾಯುಗಳ ವ್ಯಾಯಾಮ. ಗ್ಯಾಸ್ ತಡೆಯುವಾಗ ಬಿಗಿಯುವ ಸ್ನಾಯುವನ್ನೇ ಬಿಗಿಯಬೇಕು, ಹೊಟ್ಟೆಯನ್ನಾಗಲಿ ಪೃಷ್ಠವನ್ನಾಗಲಿ ಅಲ್ಲ. ಐದು ಎಣಿಸುವಷ್ಟು ಹೊತ್ತು ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಟ್ಟು, ಹತ್ತು ಸಲ. ಇಂಥ ಮೂರು ಸುತ್ತು ದಿನಕ್ಕೆ. ಫಲ ಕಾಣಲು ತಿಂಗಳುಗಳೇ ಬೇಕು, ಹತ್ತು ದಿನ ಮಾಡಿ ಬಿಡುವವರೇ ಹೆಚ್ಚು. ಬಂತು ಅನ್ನಿಸಿದಾಗ ಎದ್ದು ಓಡುವುದು ಸಹಜ, ಆದರೆ ಓಡಿದರೆ ಹಿಡಿತ ಇನ್ನಷ್ಟು ತಪ್ಪುತ್ತದೆ. ಇದ್ದಲ್ಲೇ ನಿಂತು ಅಥವಾ ಕೂತು, ನಾಲ್ಕಾರು ಸಲ ಬಿಗಿದು, ಉಸಿರು ಬಿಟ್ಟು, ಆ ಅಲೆ ಇಳಿದ ಮೇಲೆ ನಡೆದು ಹೋಗುವುದನ್ನು ಮನೆಯಲ್ಲಿರುವಾಗ ಅಭ್ಯಾಸ ಮಾಡಬಹುದು. ಈ ವ್ಯಾಯಾಮ ಕಲಿಸಬಲ್ಲ ಫಿಜಿಯೋಥೆರಪಿಸ್ಟರು ಇದ್ದಾರೆ. ನಮ್ಮಲ್ಲಿ ಅವರು ಸಾಮಾನ್ಯವಾಗಿ ಹೆರಿಗೆ ಆಸ್ಪತ್ರೆಗಳ ಕಡೆ ಸಿಗುತ್ತಾರೆ ಎಂಬುದರಿಂದ ಗಂಡಸರಿಗೆ ಅತ್ತ ಹೋಗುವುದೇ ಹೊಳೆಯುವುದಿಲ್ಲ.

ಒಮ್ಮೆಗೇ ಪೂರ್ತಿ ಆಗದವರಿಗೆ ನೀರಿನಿಂದ ಕರುಳು ತೊಳೆದುಕೊಳ್ಳುವ ವಿಧಾನವಿದೆ. ಗುದದ್ವಾರದ ಮೂಲಕ ಸಣ್ಣ ನಳಿಕೆಯಿಂದ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ಉಗುರುಬೆಚ್ಚಗಿನ ಶುದ್ಧ ನೀರು ಬಿಟ್ಟು ಹೊರಹಾಕುತ್ತಾರೆ. ಬೆಳಿಗ್ಗೆ ಅರ್ಧ ಮುಕ್ಕಾಲು ಗಂಟೆ ಇದಕ್ಕೆ ಕೊಟ್ಟರೆ, ಉಪಯೋಗವಾದವರಿಗೆ ದಿನ ಪೂರ್ತಿ ಭಯವಿಲ್ಲದೆ ಕಳೆಯುತ್ತದೆ. ತೀವ್ರ ಲಾರ್ಸ್‌ಗೆ ನನ್ನ ಪ್ರಕಾರ ಇಷ್ಟು ಸರಳವಾದ, ಇಷ್ಟು ಕಡಿಮೆ ಪ್ರಚಾರ ಪಡೆದ ಉಪಾಯ ಮತ್ತೊಂದಿಲ್ಲ. ಆದರೆ ಜೋಡಣೆ ಪೂರ್ತಿ ಮಾಗಿದೆ ಎಂದು ಸರ್ಜನ್ ನೋಡಿ ಹೇಳಿದ ಮೇಲೆಯೇ, ನರ್ಸ್ ಒಬ್ಬರು ಕಲಿಸಿದ ಮೇಲೆಯೇ ಮಾಡಬೇಕು. ಕರುಳು ತೂತಾಗುವುದು ಅಪರೂಪ, ಆದರೆ ಹಾಗಾದಾಗ ಪ್ರಾಣಕ್ಕೆ ಬರುತ್ತದೆ. ಇದೇ ಅಲ್ಲವೇ ಎಂದು ಸರ್ಜನ್ನರನ್ನು ಕೇಳದೆ ಮಸಾಜ್ ಕೇಂದ್ರಗಳಲ್ಲಿ ಎಣ್ಣೆ ಬಸ್ತಿ ಮಾಡಿಸಿಕೊಳ್ಳುವುದು ಬೇಡವೇ ಬೇಡ.

ಇದರ ಮೇಲೆ ಬೆನ್ನಿನ ಕೆಳಭಾಗದ ನರಕ್ಕೆ ಸಣ್ಣ ವಿದ್ಯುತ್ ಪ್ರಚೋದನೆ ಕೊಡುವ ಸಾಧನವಿದೆ. ಮೊದಲು ತಾತ್ಕಾಲಿಕ ತಂತಿ ಇಟ್ಟು ಪರೀಕ್ಷಿಸಿ, ಫಲ ಸಿಕ್ಕರೆ ಚರ್ಮದಡಿ ಕೂರಿಸುತ್ತಾರೆ. ಖರ್ಚು ಲಕ್ಷಗಳಲ್ಲಿ. ಕೊನೆಗೆ ಉಳಿಯುವುದು ಶಾಶ್ವತ ಬ್ಯಾಗ್. ಎರಡು ವರ್ಷ ಎಲ್ಲ ಮಾಡಿಯೂ ಮನೆ ಬಿಟ್ಟು ಹೊರಡಲಾಗದವರು ಬ್ಯಾಗಿಗೆ ಮರಳಿ, ಮತ್ತೆ ಜಾತ್ರೆ, ಮದುವೆ, ಕೆಲಸ ಎಂದು ಓಡಾಡುವುದುಂಟು. ಅದನ್ನು ಸೋಲು ಎಂದು ಕರೆಯುವ ಹಕ್ಕು ಹೊರಗಿನವರಿಗಿಲ್ಲ.

ಕೆಲವು ಮನೆಮಟ್ಟದ ಸಂಗತಿಗಳು. ನೀರಿನಲ್ಲಿ ತೊಳೆದುಕೊಳ್ಳುವ ನಮ್ಮ ಅಭ್ಯಾಸ ಕಾಗದದಿಂದ ಉಜ್ಜುವುದಕ್ಕಿಂತ ಚರ್ಮಕ್ಕೆ ಒಳ್ಳೆಯದು, ಆದರೆ ಜೆಟ್ ಸ್ಪ್ರೇಯ ರಭಸ ಬೇಡ, ಸೋಪು ಡೆಟಾಲ್ ಅಂತೂ ಬೇಡವೇ ಬೇಡ. ಮೆತ್ತಗಿನ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ವ್ಯಾಸಲೀನ್ ಅಥವಾ ಜಿಂಕ್ ಆಕ್ಸೈಡ್ ಮುಲಾಮು ಸವರಿದರೆ ಉರಿ ತಗ್ಗುತ್ತದೆ. ಕುಕ್ಕರುಗಾಲಿನಲ್ಲಿ ಕೂರುವುದು ಮಲ ಪೂರ್ತಿ ಹೋಗಲು ಅನುಕೂಲ. ಆದರೆ ಆಕ್ಸಾಲಿಪ್ಲಾಟಿನ್ ಕೀಮೋ ಆದವರಿಗೆ ಪಾದ ಜೋಮು ಹಿಡಿದಿರುತ್ತದೆ, ರಾತ್ರಿ ಜಾರಿ ಬೀಳುತ್ತಾರೆ. ಅವರಿಗೆ ಕಮೋಡ್, ಕಾಲಡಿಗೆ ಒಂದು ಮಣೆ. ಕಕ್ಕಸು ಹಿತ್ತಲಲ್ಲಿದ್ದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಕಮೋಡ್ ಕುರ್ಚಿಯನ್ನು ಮಲಗುವ ಕೋಣೆಗೇ ತಂದಿಡಿ, ಮೊಮ್ಮಕ್ಕಳು ನಕ್ಕರೆ ನಗಲಿ. ದೂರ ಹೋಗುವುದಾದರೆ ಬಸ್ಸಿಗಿಂತ ರೈಲು ಲೇಸು. ಪ್ಯಾಡ್, ಒಂದು ಜೊತೆ ಒಳಬಟ್ಟೆ, ಪ್ಲಾಸ್ಟಿಕ್ ಕವರ್, ನೀರಿನ ಬಾಟಲಿ ಇರುವ ಚಿಕ್ಕ ಚೀಲ ಕೈಯಲ್ಲಿದ್ದರೆ ಅರ್ಧ ಗಾಬರಿ ಕಡಿಮೆ. ಕೆಲಸದ ಜಾಗದಲ್ಲಿ ಕಕ್ಕಸಿನ ಹತ್ತಿರದ ಸೀಟು ಕೇಳಲು ಡಾಕ್ಟರರ ಒಂದು ಪತ್ರ ಸಾಕಾಗಬಹುದು, ಕಾಯಿಲೆಯ ವಿವರವನ್ನೆಲ್ಲ ಹೇಳಬೇಕಿಲ್ಲ.

ಎಲ್ಲವನ್ನೂ ಲಾರ್ಸ್ ಎಂದು ತಳ್ಳಿಹಾಕಲೂಬಾರದು. ಸುಧಾರಿಸಿದ್ದ ಮೋಷನ್ ತಿಂಗಳುಗಳ ಮೇಲೆ ಏಕಾಏಕಿ ಕೆಟ್ಟರೆ, ರಕ್ತ ಬಿದ್ದರೆ, ತೂಕ ಇಳಿದರೆ, ಜೋಡಿಸಿದ ಕಡೆ ನೋವು ಹೆಚ್ಚಿದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಹೋಗಿ ತೋರಿಸಿ. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗ್ಯಾಸೂ ಹೋಗದಿದ್ದರೆ ಅದೇ ರಾತ್ರಿ ಆಸ್ಪತ್ರೆಗೆ.

ಆಪರೇಷನ್ ಇನ್ನೂ ಆಗಬೇಕಿರುವವರು ಸರ್ಜನ್ನರನ್ನು ನೇರವಾಗಿ ಕೇಳಿ: ಜೋಡಣೆ ಎಷ್ಟು ಕೆಳಗೆ ಬರುತ್ತದೆ, ಆಮೇಲೆ ನನ್ನ ಮೋಷನ್ ಹೇಗಿರುತ್ತದೆ? ಗಡ್ಡೆಯ ಎತ್ತರ, ವಯಸ್ಸು, ರೇಡಿಯೇಷನ್ ಮುಂತಾದವನ್ನು ಸೇರಿಸಿ ಮುಂಚೆಯೇ ಅಂದಾಜು ಹೇಳುವ ಪೋಲಾರ್ಸ್ ಎಂಬ ಲೆಕ್ಕಪಟ್ಟಿಯೂ ಈಗ ಇದೆ. ಆಪರೇಷನ್ ಆದವರು ಮುಂದಿನ ತಪಾಸಣೆಗೆ ಹೋಗುವಾಗ ಮೇಲಿನ ಐದು ಪ್ರಶ್ನೆಗಳಿಗೆ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಸ್ಕ್ಯಾನ್ ರಿಪೋರ್ಟಿನ ಮೇಲೆ ಅದನ್ನಿಟ್ಟು ಡಾಕ್ಟರರ ಕೈಗೆ ಕೊಡಿ. ಬಾಯಲ್ಲಿ ಹೇಳಲು ಸಂಕೋಚವಾದರೆ ಹೇಳಬೇಡಿ, ಅವರು ಓದಿಕೊಳ್ಳುತ್ತಾರೆ.